ಊರಲ್ಲಿ ಅಲೆಯುವ ಮಾನಸಿಕ ಅಸ್ವಸ್ಥರನ್ನು ಪೊಲೀಸ್ರು ಎಲ್ಲಿಗೆ ಕರ್ಕೊಂಡು ಹೋಗ್ಬೇಕು? ಲಾಕಪ್‌ಗಂತೂ ಅಲ್ಲ, ಕಾನೂನು ಹೇಳೋದೇನು, ಪೂರ್ತಿ ಮಾಹಿತಿ ಇಲ್ಲಿದೆ

ಚಿತ್ರದುರ್ಗ: ಬೆಳಿಗ್ಗೆ ಅಂಗಡಿ ಷಟರ್ ಎತ್ತೋಕೆ ಹೋದ್ರೆ ಮೆಟ್ಟಿಲ ಮೇಲೆ ಯಾರೋ ಮಲಗಿರ್ತಾರೆ. ಜಡೆಗಟ್ಟಿದ ಕೂದಲು, ಮೈಮೇಲೆ ಚಿಂದಿ, ಕಾಲಲ್ಲಿ ಗಾಯ. ಎಬ್ಬಿಸಿದ್ರೆ ಬೈತಾರೆ, ಇಲ್ಲಾಂದ್ರೆ ಸುಮ್ಮನೆ ದಿಟ್ಟಿಸಿ ನೋಡ್ತಾರೆ. ಎರಡು ಹೆದ್ದಾರಿ ಸೇರುವ ಹಿರಿಯೂರಿನಲ್ಲಿ ಲಾರಿಯಿಂದ ಇಳಿದವರು, ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್‌ನಲ್ಲಿ ರೈಲಿಂದ ಇಳಿದವರು, ದುರ್ಗದ ಬಸ್ ಸ್ಟ್ಯಾಂಡ್ ಸುತ್ತಮುತ್ತ ಓಡಾಡೋರು, ಇವರದ್ದು ಯಾವ ಊರು, ಯಾವ ಭಾಷೆ ಅಂತ ಬಹಳ ಸಲ ಯಾರಿಗೂ ಗೊತ್ತಿರಲ್ಲ. ಒಂದೆರಡು ದಿನ ಅಂಗಡಿಯವರೇ ಟೀ, ಬನ್ನು ಕೊಡ್ತಾರೆ. ಮೂರನೇ ದಿನ ಗಿರಾಕಿಗೆ ಕಲ್ಲು ಬಿತ್ತು ಅಂದ್ರೆ ಠಾಣೆಗೆ ಫೋನ್ ಹೋಗುತ್ತೆ.

ಪೊಲೀಸ್ರು ಬಂದ ಮೇಲೆ ಏನಾಗಬೇಕು ಅನ್ನೋದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. "ಎರಡು ಬಾರಿಸಿ ಬಸ್ ಹತ್ತಿಸಿ ಕಳಿಸ್ರಿ" ಅನ್ನೋರಿದ್ದಾರೆ. "ಒಂದು ರಾತ್ರಿ ಒಳಗೆ ಕೂರಿಸಿದ್ರೆ ಸರಿ ಹೋಗ್ತಾನೆ" ಅನ್ನೋರೂ ಇದ್ದಾರೆ. ಈ ಎರಡೂ ಕಾನೂನಿಗೆ ವಿರುದ್ಧ. ಹೊಡೆಯೋದು, ಕೂಡಿಹಾಕೋದು ಪೊಲೀಸ್ರಿಗೂ ಇಲ್ಲ, ನಮಗಂತೂ ಇಲ್ಲವೇ ಇಲ್ಲ.

ಇದು ಅರೆಸ್ಟ್ ಅಲ್ಲ, ರಕ್ಷಣೆ

ಈ ವಿಷಯಕ್ಕೆ ಮುಖ್ಯವಾದ ಕಾನೂನು ಅಂದ್ರೆ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017. ಜಾರಿಗೆ ಬಂದಿದ್ದು 2018ರ ಮೇ 29ರಿಂದ. ಇದರ 100ನೇ ಸೆಕ್ಷನ್ ಪೂರ್ತಿ ಪೊಲೀಸ್ರ ಕರ್ತವ್ಯದ ಬಗ್ಗೆನೇ ಇದೆ. ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಲೆಯುತ್ತಿರುವ ಮಾನಸಿಕ ಅಸ್ವಸ್ಥರು ಠಾಣೆ ವ್ಯಾಪ್ತಿಯಲ್ಲಿ ಕಂಡರೆ, ಅಥವಾ ಕಾಯಿಲೆಯಿಂದ ಅವರಿಗೋ ಬೇರೆಯವರಿಗೋ ಅಪಾಯ ಇದೆ ಅನಿಸಿದರೆ, ಅವರನ್ನು ರಕ್ಷಣೆಗೆ ತೆಗೆದುಕೊಳ್ಳೋದು ಠಾಣಾಧಿಕಾರಿಯ ಕರ್ತವ್ಯ. ಗಮನಿಸಿ, ಕಾಯ್ದೆಯಲ್ಲಿ ಇರೋ ಪದ "ರಕ್ಷಣೆ". ಬಂಧನ ಅಲ್ಲ. ಯಾಕೆ ಕರ್ಕೊಂಡು ಹೋಗ್ತಿದೀವಿ ಅಂತ ಆ ವ್ಯಕ್ತಿಗೇ ಹೇಳ್ಬೇಕು. ಅವರಿಗೆ ಅರ್ಥ ಆಗೋ ಸ್ಥಿತಿ ಇಲ್ಲಾಂದ್ರೆ ಅವರ ಪರವಾಗಿ ನೇಮಕವಾದ ಪ್ರತಿನಿಧಿಗೆ ಹೇಳ್ಬೇಕು.

ಆಮೇಲೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ಆದಷ್ಟು ಬೇಗ, ತಡ ಅಂದ್ರೂ 24 ಗಂಟೆ ಒಳಗೆ. ಯಾವ ಕಾರಣಕ್ಕೂ ಲಾಕಪ್‌ನಲ್ಲಾಗಲಿ ಜೈಲಿನಲ್ಲಾಗಲಿ ಇಡೋ ಹಾಗಿಲ್ಲ. ರಾತ್ರಿ ಆಗಿತ್ತು, ಗಾಡಿ ಇರಲಿಲ್ಲ, ಮೇಲಧಿಕಾರಿ ಇರಲಿಲ್ಲ, ಈ ಯಾವ ವಿನಾಯಿತಿಯನ್ನೂ ಕಾಯ್ದೆ ಕೊಟ್ಟಿಲ್ಲ.

ಈ ಪದ್ಧತಿ ಬದಲಾಗೋಕೆ ನೂರು ವರ್ಷ ಹಿಡಿದಿದೆ ಅಂದ್ರೂ ತಪ್ಪಾಗಲ್ಲ. ಬ್ರಿಟಿಷರ 1912ರ ಕಾಯ್ದೆಯ ಹೆಸರಲ್ಲೇ 'ಹುಚ್ಚು' ಅನ್ನೋ ಪದ ಇತ್ತು. ಅದರ ಪ್ರಕಾರ ಅಲೆಯುವವರನ್ನು ಪೊಲೀಸ್ರು ಅರೆಸ್ಟ್ ಮಾಡಬಹುದಿತ್ತು. 1987ರ ಮಾನಸಿಕ ಆರೋಗ್ಯ ಕಾಯ್ದೆ ಬಂದ ಮೇಲೂ ಪೊಲೀಸ್ರು ಮೊದಲು ಹೋಗಬೇಕಾಗಿದ್ದು ಮ್ಯಾಜಿಸ್ಟ್ರೇಟ್ ಮುಂದೆ, ಆಸ್ಪತ್ರೆಗೆ ಆಮೇಲೆ. 2017ರ ಕಾಯ್ದೆ ಇದನ್ನು ತಿರುಗಿಸಿತು. ಈಗ ಬೀದಿಯಿಂದ ಸೀದಾ ಆಸ್ಪತ್ರೆಗೆ. ಕೋರ್ಟ್ ಆರ್ಡರ್ ಬೇಕು ಅಂತ ಕಾಯೋ ಹಾಗಿಲ್ಲ.

ಹಳೇ ಪದ್ಧತಿ ಎಂಥದ್ದಿತ್ತು ಅನ್ನೋದಕ್ಕೆ ಅಸ್ಸಾಂನ ಮಚಾಂಗ್ ಲಾಲುಂಗ್ ಕಥೆ ಸಾಕು. 1951ರಲ್ಲಿ ಪೊಲೀಸ್ರು ಹಿಡಿದ್ರು, ತೇಜ್‌ಪುರದ ಮಾನಸಿಕ ಆಸ್ಪತ್ರೆಗೆ ಹಾಕಿದ್ರು. 1967ರಲ್ಲಿ ಹುಷಾರಾಗಿದ್ದಾರೆ ಅಂತ ವೈದ್ಯರು ಹೇಳಿದ್ರು. ಮನೆಗೆ ಕಳಿಸೋದು ಬಿಟ್ಟು ಜೈಲಿಗೆ ಕಳಿಸಿದ್ರು! ವಿಚಾರಣೆ ಅಂತ ಒಂದು ನಡೆಯದೇನೇ ಹೊರಗೆ ಬಂದಿದ್ದು 2005ರಲ್ಲಿ, 54 ವರ್ಷದ ಮೇಲೆ. ಹಂಗಂತ ಆಗ ಕಾನೂನೇ ಇರಲಿಲ್ಲ ಅಂತಲ್ಲ. ಅಪರಾಧ ಮಾಡದ ಮಾನಸಿಕ ರೋಗಿಗಳನ್ನು ಜೈಲಲ್ಲಿ ಇಡೋದು ಕಾನೂನುಬಾಹಿರ, ಸಂವಿಧಾನ ವಿರೋಧಿ ಅಂತ ಶೀಲಾ ಬಾರ್ಸೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿತ್ತು. ಅದಾದ ಮೇಲೂ ಲಾಲುಂಗ್ ಹನ್ನೆರಡು ವರ್ಷ ಒಳಗೇ ಇದ್ರು.

'ಹತ್ತಿರದ ಆಸ್ಪತ್ರೆ' ಅಂದ್ರೆ ನಿಮ್ಹಾನ್ಸ್ ಅಲ್ಲ

ಇದನ್ನು ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ನಮ್ಮ ಕಡೆ ಕೆಲಸ ನಿಂತು ಹೋಗೋದೇ ಇಲ್ಲಿ. ಮಾನಸಿಕ ಕಾಯಿಲೆ ಅಂದ ತಕ್ಷಣ ಬೆಂಗಳೂರಿನ ನಿಮ್ಹಾನ್ಸ್, ಇಲ್ಲಾಂದ್ರೆ ಧಾರವಾಡದ ಡಿಮ್ಹಾನ್ಸ್ ಅಂತ ಎಲ್ಲರ ತಲೆಯಲ್ಲಿ ಇದೆ. ದುರ್ಗದಿಂದ ಎರಡೂ ಇನ್ನೂರು ಕಿಲೋಮೀಟರ್ ಆಸುಪಾಸು. ಅಷ್ಟು ದೂರ ಯಾರು ಕರ್ಕೊಂಡು ಹೋಗ್ತಾರೆ, ಡೀಸೆಲ್ ಯಾರು ಹಾಕಿಸ್ತಾರೆ, ಎಸ್ಕಾರ್ಟ್ ಯಾರು ಅನ್ನೋ ಲೆಕ್ಕಾಚಾರದಲ್ಲೇ ಆ ವ್ಯಕ್ತಿ ಮತ್ತೆ ಬಸ್ ಸ್ಟ್ಯಾಂಡ್‌ಗೆ ಬಂದಿರ್ತಾರೆ.

ಆದ್ರೆ ಕಾಯ್ದೆ ಹೇಳೋದು "ಹತ್ತಿರದ ಸಾರ್ವಜನಿಕ ಆರೋಗ್ಯ ಸಂಸ್ಥೆ" ಅಂತ. ಮಾನಸಿಕ ಆಸ್ಪತ್ರೆ ಅಂತಲ್ಲ. ಹೊಸದುರ್ಗದಲ್ಲಿ ಸಿಕ್ಕವರಿಗೆ ಹೊಸದುರ್ಗದ ತಾಲ್ಲೂಕು ಆಸ್ಪತ್ರೆ, ಹೊಳಲ್ಕೆರೆಯಲ್ಲಿ ಸಿಕ್ಕವರಿಗೆ ಹೊಳಲ್ಕೆರೆ ಆಸ್ಪತ್ರೆ. ಅಲ್ಲಿನ ವೈದ್ಯಾಧಿಕಾರಿಯೇ ಪರೀಕ್ಷೆಗೆ ವ್ಯವಸ್ಥೆ ಮಾಡ್ಬೇಕು, ಅದು ಅವರ ಜವಾಬ್ದಾರಿ ಅಂತ ಅದೇ 100ನೇ ಸೆಕ್ಷನ್ ಹೇಳುತ್ತೆ. ತುರ್ತು ಸಂದರ್ಭದಲ್ಲಿ ಯಾವ ನೋಂದಾಯಿತ ವೈದ್ಯರಾದರೂ 72 ಗಂಟೆವರೆಗೆ ತುರ್ತು ಚಿಕಿತ್ಸೆ ಕೊಡಬಹುದು ಅಂತ 94ನೇ ಸೆಕ್ಷನ್‌ನಲ್ಲಿದೆ. "ನಮ್ಮಲ್ಲಿ ಸೈಕಿಯಾಟ್ರಿಸ್ಟ್ ಇಲ್ಲ, ವಾಪಸ್ ಕರ್ಕೊಂಡು ಹೋಗಿ" ಅಂದ್ರೆ ಅದು ಉತ್ತರ ಅಲ್ಲ. ಮೊದಲು ನೋಡ್ಬೇಕು, ಗಾಯ ಇದ್ರೆ ಕಟ್ಟಬೇಕು, ಬೇಕಾದ್ರೆ ಜಿಲ್ಲಾಸ್ಪತ್ರೆಗೆ ರೆಫರ್ ಮಾಡ್ಬೇಕು.

ಇದೇನು ಆಗದ ಮಾತಲ್ಲ. ಸಾಮಾನ್ಯ ವೈದ್ಯರೇ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಕೊಡಬಹುದು ಅಂತ ದೇಶಕ್ಕೆ ತೋರಿಸಿಕೊಟ್ಟಿದ್ದು ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಅಲ್ಲಿ ಪ್ರಯೋಗ ಮಾಡಿದ್ರು. ಅದನ್ನೇ ಇವತ್ತಿಗೂ 'ಬಳ್ಳಾರಿ ಮಾದರಿ' ಅಂತ ಕರೀತಾರೆ, ಈಗಿನ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದೇ ಅದರಿಂದ. ರಾಜ್ಯ ಸರ್ಕಾರದ 'ಮನೋಚೈತನ್ಯ' ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಮನೋರೋಗ ತಜ್ಞರು ಬರುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅನ್ನೋದನ್ನ ಆಸ್ಪತ್ರೆಯಲ್ಲಿ ಕೇಳಿಟ್ಟುಕೊಳ್ಳಿ.

ಪರೀಕ್ಷೆ ಮಾಡಿದ ಮೇಲೆ ಅಡ್ಮಿಟ್ ಮಾಡೋವಷ್ಟು ಏನಿಲ್ಲ ಅಂತ ವೈದ್ಯರು ಹೇಳಿದ್ರೆ? ಆಗಲೂ ಪೊಲೀಸ್ರ ಕೆಲಸ ಮುಗಿಯಲ್ಲ. ಮನೆ ಇದ್ರೆ ಮನೆಗೆ ಬಿಡಬೇಕು. ಮನೆ ಇಲ್ಲಾಂದ್ರೆ ನಿರಾಶ್ರಿತರಿಗೆ ಅಂತ ಇರೋ ಸರ್ಕಾರಿ ಕೇಂದ್ರಕ್ಕೆ ಸೇರಿಸಬೇಕು. ನಮ್ಮ ಜಿಲ್ಲೆಯ ನಿರಾಶ್ರಿತರ ಪರಿಹಾರ ಕೇಂದ್ರ ದುರ್ಗದ ಹತ್ತಿರ ಗೋನೂರಿನಲ್ಲಿದೆ. ಆದ್ರೆ ಆಸ್ಪತ್ರೆಗೆ ತೋರಿಸದೆ ಸೀದಾ ಅಲ್ಲಿಗೆ ಸಾಗಿಸೋದು ಈ ಕಾಯ್ದೆಯ ದಾರಿ ಅಲ್ಲ. 2010ರ ಆಗಸ್ಟ್‌ನಲ್ಲಿ ಬೆಂಗಳೂರಿನ ನಿರಾಶ್ರಿತರ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತಿದ್ದು ನೆನಪಿರಬಹುದು.

ಇನ್ನೊಂದು ವಿಷಯ ಇದೆ, ಇದನ್ನ ಠಾಣೆಗಳಲ್ಲೂ ಮರೀತಾರೆ. ಅಲೆಯುತ್ತಿರುವ ಅಥವಾ ಮನೆ ಇಲ್ಲದ ಮಾನಸಿಕ ಅಸ್ವಸ್ಥರು ಸಿಕ್ಕಾಗ ಕಾಣೆಯಾದ ವ್ಯಕ್ತಿ ಅಂತ ಎಫ್‌ಐಆರ್ ದಾಖಲಿಸಬೇಕು, ಅವರ ಮನೆಯವರನ್ನು ಹುಡುಕಿ ಇಲ್ಲಿದ್ದಾರೆ ಅಂತ ತಿಳಿಸಬೇಕು. ಬಹಳ ಮಂದಿಗೆ ಔಷಧಿ ಶುರುವಾಗಿ ಕೆಲವು ವಾರಕ್ಕೆ ಊರಿನ ಹೆಸರು, ಮನೆಯವರ ಹೆಸರು ಬಾಯಿಗೆ ಬರುತ್ತೆ. ಎಲ್ಲೋ ಬಿಹಾರದಲ್ಲೋ ಒಡಿಶಾದಲ್ಲೋ ಒಬ್ಬ ತಾಯಿ ಅದೇ ಮಗನನ್ನು ಹುಡುಕಿಕೊಡಿ ಅಂತ ಠಾಣೆಗೆ ಅಲೀತಿರಬಹುದು. ಇಲ್ಲಿ ಎಫ್‌ಐಆರ್ ಆಗದಿದ್ರೆ ಆ ಎರಡು ಕಾಗದ ಯಾವತ್ತೂ ಒಂದಕ್ಕೊಂದು ಸೇರಲ್ಲ.

ಪೊಲೀಸ್ರನ್ನು ಬರೀ ಬೈದ್ರೂ ನ್ಯಾಯ ಅಲ್ಲ. ರಾತ್ರಿ ಪಾಳಿಯಲ್ಲಿ ಇರೋ ಒಬ್ಬ ಎಎಸ್‌ಐ, ಇಬ್ಬರು ಕಾನ್‌ಸ್ಟೆಬಲ್ ಇಡೀ ಊರು ನೋಡ್ಬೇಕು. ಆಸ್ಪತ್ರೆಯವರು ಠಾಣೆ ಕಡೆ ಕೈ ತೋರಿಸ್ತಾರೆ, ಠಾಣೆಯವರು ಆಸ್ಪತ್ರೆ ಕಡೆ. ಅಮೆರಿಕದ ಮೆಂಫಿಸ್ ಅನ್ನೋ ಊರಿನಲ್ಲಿ 1987ರಲ್ಲಿ ಮಾನಸಿಕ ಅಸ್ವಸ್ಥನೊಬ್ಬನನ್ನು ಪೊಲೀಸ್ರು ಗುಂಡು ಹೊಡೆದು ಕೊಂದಾಗ ದೊಡ್ಡ ಗಲಾಟೆ ಆಯ್ತು. ಮರುವರ್ಷ ಅಲ್ಲಿನ ಪೊಲೀಸ್ರು, ಆಸ್ಪತ್ರೆಯವರು, ರೋಗಿಗಳ ಮನೆಯವರು ಕೂತು ಒಂದು ವ್ಯವಸ್ಥೆ ಮಾಡಿದ್ರು. ಕೆಲವು ಪೊಲೀಸ್ರಿಗೆ 40 ಗಂಟೆ ತರಬೇತಿ, ಇಂಥ ಕರೆ ಬಂದ್ರೆ ಅವರೇ ಹೋಗೋದು, ಕರ್ಕೊಂಡು ಬಂದವರನ್ನ ಆಸ್ಪತ್ರೆ ವಾಪಸ್ ಕಳಿಸೋ ಹಾಗಿಲ್ಲ. ಆ ಕೊನೇ ನಿಯಮ ನಮಗೂ ಬೇಕು. ಅದಕ್ಕೆ ಖರ್ಚೂ ಇಲ್ಲ.

ಕುಡುಪುವಿನಲ್ಲಿ ಆಗಿದ್ದು

ಇದೆಲ್ಲ ಪುಸ್ತಕದ ಮಾತು ಅನಿಸಿದ್ರೆ ಮಂಗಳೂರಿನ ಈ ಕೇಸ್ ನೋಡಿ. 2025ರ ಏಪ್ರಿಲ್ 27, ಭಾನುವಾರ. ಮಂಗಳೂರು ಹೊರವಲಯದ ಕುಡುಪುವಿನಲ್ಲಿ ಕ್ರಿಕೆಟ್ ಪಂದ್ಯ ನಡೀತಿದ್ದ ಜಾಗದ ಹತ್ತಿರ ಗುಂಪೊಂದು ಒಬ್ಬ ವ್ಯಕ್ತಿಯನ್ನು ಹೊಡೆದು ಸಾಯಿಸಿತು. ಕೇರಳದ ವಯನಾಡು ಜಿಲ್ಲೆಯವರು ಅಂತ ಆಮೇಲೆ ಗೊತ್ತಾಯ್ತು. ಗುಜರಿ ಆಯ್ಕೊಂಡು ಬದುಕ್ತಿದ್ರು, ಮಾನಸಿಕ ಸಮಸ್ಯೆ ಇತ್ತು ಅಂತ ಮನೆಯವರು ಹೇಳಿದ್ರು. ಏನೋ ಘೋಷಣೆ ಕೂಗಿದ ಅನ್ನೋ ಮಾತು ಆರೋಪಿಗಳ ಕಡೆಯಿಂದ ಹರಿದಾಡಿತು. ಕೂಗಿದ್ರೋ ಇಲ್ವೋ, ಕೂಗಿದ್ರೂ ಅದು ಸಾಯಿಸೋ ಕಾರಣ ಅಲ್ಲ.

ನಮ್ಮ ವಿಷಯಕ್ಕೆ ಬೇಕಾಗಿರೋದು ಆಮೇಲೆ ಠಾಣೆಯಲ್ಲಿ ಏನಾಯ್ತು ಅನ್ನೋದು. ಮೊದಲು ದಾಖಲಾಗಿದ್ದು ಅಸಹಜ ಸಾವು, ಅಂದ್ರೆ ಯುಡಿಆರ್. ಗುರುತಿಲ್ಲದ ಹೆಣ, ಚಿಂದಿ ಬಟ್ಟೆ, ಕೇಳೋರು ಯಾರೂ ಇಲ್ಲ. ಮರಣೋತ್ತರ ಪರೀಕ್ಷೆಯಲ್ಲಿ ಹೊಡೆತದ ಗಾಯ ಕಂಡ ಮೇಲೆ ಭಾರತೀಯ ನ್ಯಾಯ ಸಂಹಿತೆಯ 103(2)ರ ಅಡಿ ಗುಂಪು ಹತ್ಯೆ ಕೇಸಾಯ್ತು. ಇಪ್ಪತ್ತರಷ್ಟು ಮಂದಿ ಅರೆಸ್ಟ್ ಆದ್ರು. ಕರ್ತವ್ಯಲೋಪ ಅಂತ ಒಬ್ಬ ಇನ್‌ಸ್ಪೆಕ್ಟರ್ ಸೇರಿ ಮೂವರು ಪೊಲೀಸ್ರು ಸಸ್ಪೆಂಡ್ ಆದ್ರು.

ಗುಂಪು ಸೇರಿ ಹೊಡೆಯೋರು ಸಾಮಾನ್ಯವಾಗಿ ಮೊದಲು ಒಂದು ಹೆಸರು ಇಡ್ತಾರೆ. ಕಳ್ಳ, ಮಕ್ಕಳ ಕಳ್ಳ, ದೇಶದ್ರೋಹಿ. 2018ರಲ್ಲಿ ವಾಟ್ಸಾಪ್‌ನಲ್ಲಿ ಮಕ್ಕಳ ಕಳ್ಳರ ವದಂತಿ ಹರಡಿದಾಗ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಕಾರ್ಮಿಕ, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಟೆಕ್ಕಿ ಸತ್ತರು. ಅವರಿಬ್ಬರಿಗೆ ಮಾತಾಡೋಕೆ, ತಾವು ಯಾರು ಅಂತ ಹೇಳೋಕೆ ಬರ್ತಿತ್ತು. ಆದ್ರೂ ಉಳೀಲಿಲ್ಲ. ಇನ್ನು ಹೆಸರು ಕೇಳಿದ್ರೆ ಹೇಳೋಕಾಗದವರ ಗತಿ ಏನು ಯೋಚನೆ ಮಾಡಿ. ಐದು ಅಥವಾ ಹೆಚ್ಚು ಜನ ಸೇರಿ ಜನಾಂಗ, ಜಾತಿ, ಭಾಷೆ, ಹುಟ್ಟಿದ ಊರು ಇಂಥ ಕಾರಣಕ್ಕೆ ಕೊಂದರೆ ಗುಂಪಿನ ಪ್ರತಿಯೊಬ್ಬರಿಗೂ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಇದೆ. "ನಾನು ಒಂದೇ ಏಟು ಹೊಡೆದಿದ್ದು" ಅನ್ನೋದು ಅಲ್ಲಿ ನಡೆಯಲ್ಲ.

ಮನೆಯೊಳಗೆ ಕಟ್ಟಿಹಾಕಿದ್ರೆ

ಬೀದಿಯಲ್ಲಿ ಇರೋರು ಕಣ್ಣಿಗೆ ಕಾಣ್ತಾರೆ. ಹಿತ್ತಲ ಕೋಣೆಯಲ್ಲಿ, ದನದ ಕೊಟ್ಟಿಗೆಯಲ್ಲಿ ಸರಪಳಿ ಹಾಕಿಸ್ಕೊಂಡು ಇರೋರು ಕಾಣಲ್ಲ. ಮನೆಯವರು ಕ್ರೂರಿಗಳು ಅಂತ ಅಲ್ಲ. ಕೂಲಿಗೆ ಹೋಗ್ಬೇಕು, ಮಗ ಕೆರೆ ಕಡೆ ಓಡ್ತಾನೆ, ಮಗಳಿಗೆ ಏನಾದ್ರೂ ಆದೀತು ಅನ್ನೋ ಭಯ. ಆದ್ರೂ ಮಾನಸಿಕ ಅಸ್ವಸ್ಥರಿಗೆ ಯಾವ ರೀತಿಯಲ್ಲೂ ಸರಪಳಿ ಹಾಕಬಾರದು ಅಂತ ಕಾಯ್ದೆಯ 95ನೇ ಸೆಕ್ಷನ್ ಹೇಳುತ್ತೆ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ 28 ಮಂದಿ ಸುಟ್ಟು ಸತ್ತರು. ಓಡಿ ಹೋಗೋಕೆ ಆಗಲಿಲ್ಲ, ಸರಪಳಿ ಇತ್ತು.

ಇಂಥದ್ದು ಗೊತ್ತಾದ್ರೆ ಪೊಲೀಸ್ರು ಮ್ಯಾಜಿಸ್ಟ್ರೇಟ್‌ಗೆ ವರದಿ ಮಾಡ್ಬೇಕು. ಇದು 101ನೇ ಸೆಕ್ಷನ್. ಅದೇ ಸೆಕ್ಷನ್‌ನಲ್ಲಿ ನಮ್ಮ ನಿಮ್ಮ ಪಾಲಿನ ಕರ್ತವ್ಯನೂ ಇದೆ: ನೋಡಿಕೊಳ್ಳಬೇಕಾದವರೇ ಹಿಂಸೆ ಕೊಡ್ತಿದ್ದಾರೆ ಅಥವಾ ಕೈಬಿಟ್ಟಿದ್ದಾರೆ ಅನ್ನೋದಕ್ಕೆ ಕಾರಣ ಇದ್ರೆ, ಯಾರೇ ಆಗಲಿ ಠಾಣೆಗೆ ತಿಳಿಸಬೇಕು. ಮ್ಯಾಜಿಸ್ಟ್ರೇಟ್ ಆ ವ್ಯಕ್ತಿಯನ್ನು ಆಸ್ಪತ್ರೆಗೆ ಕಳಿಸಬಹುದು, ಪರೀಕ್ಷೆಗೆ ಅಂತ 10 ದಿನದವರೆಗೆ ದಾಖಲು ಮಾಡಿಸಬಹುದು. ಮನೆಯವರನ್ನು ಜೈಲಿಗೆ ಹಾಕಿಸೋದು ಇದರ ಉದ್ದೇಶ ಅಲ್ಲ, ಹಂಗಂತ ಹೆದರಿ ಸುಮ್ಮನಿರಬೇಡಿ.

2023ರ ಡಿಸೆಂಬರ್ ಕೊನೆಯಲ್ಲಿ ದುರ್ಗದ ಒಂದು ಮನೆಯಲ್ಲಿ ಐದು ಅಸ್ಥಿಪಂಜರ ಸಿಕ್ಕಿದ್ದು ಯಾರೂ ಮರೆತಿಲ್ಲ. 2019ರ ಆಸುಪಾಸಿನಿಂದ ಆ ಮನೆಯವರನ್ನು ಯಾರೂ ನೋಡಿರಲಿಲ್ಲ. ಅದು ಮಾನಸಿಕ ಕಾಯಿಲೆಯ ಕೇಸು ಅಂತ ಹೇಳ್ತಿಲ್ಲ. ಬಾಗಿಲು ಹಾಕಿದ ಮನೆಯ ಬಗ್ಗೆ ಠಾಣೆಗೆ ಒಂದು ಫೋನ್ ಹೋಗದೆ ನಮ್ಮೂರಲ್ಲೇ ವರ್ಷಗಳು ಕಳೀತವೆ, ಅಷ್ಟೇ.

ಕಿವಿ ಕೇಳದವರು, ಮಾತು ಬಾರದವರು, ಬುದ್ಧಿಮಾಂದ್ಯರು

ಇವರ ಕಾನೂನು ಬೇರೆ. ಬುದ್ಧಿಮಾಂದ್ಯತೆ ಮಾನಸಿಕ ಕಾಯಿಲೆ ಅಲ್ಲ ಅಂತ 2017ರ ಕಾಯ್ದೆಯಲ್ಲೇ ಸ್ಪಷ್ಟ ಇದೆ. ಹುಟ್ಟಿನಿಂದ ಬುದ್ಧಿ ಬೆಳವಣಿಗೆ ಕಡಿಮೆ ಇರೋದು ಒಂದು, ಚೆನ್ನಾಗಿದ್ದವರಿಗೆ ಕಾಯಿಲೆ ಬರೋದು ಇನ್ನೊಂದು. ಎಲ್ಲ ಅಂಗವಿಕಲರಿಗೂ ಅನ್ವಯಿಸೋದು ವಿಕಲಚೇತನರ ಹಕ್ಕುಗಳ ಕಾಯ್ದೆ, 2016. ಇದರಲ್ಲಿ 21 ಬಗೆಯ ಅಂಗವೈಕಲ್ಯ ಸೇರಿವೆ, ಮಾನಸಿಕ ಕಾಯಿಲೆನೂ ಅದರಲ್ಲಿ ಒಂದು.

ಕಿವಿ ಕೇಳದವರನ್ನು ಹಿಂದಿನಿಂದ "ನಿಲ್ಲು" ಅಂತ ಕೂಗಿದ್ರೆ ನಿಲ್ಲಲ್ಲ. ಸೆರೆಬ್ರಲ್ ಪಾಲ್ಸಿ ಇರೋರ ನಡಿಗೆ, ಮಾತು ನೋಡಿ ಕುಡಿದಿದ್ದಾರೆ ಅಂದ್ಕೊಳ್ತಾರೆ. ಮೂರ್ಛೆ ಬಂದು ಎದ್ದವರು ಒಂದಷ್ಟು ಹೊತ್ತು ಕೈ ಬೀಸ್ತಾರೆ, ಯಾರು ಹಿಡಿದ್ರೂ ತಳ್ತಾರೆ. ಆಟಿಸಂ ಇರೋ ಹುಡುಗನಿಗೆ ಮೈ ಮುಟ್ಟಿದ್ರೆ ಕಿರುಚೋ ಹಾಗಾಗುತ್ತೆ. ಇದು ಪೊಲೀಸ್ರಿಗೆ ಎದುರು ನಿಲ್ಲೋದಲ್ಲ, ಆದ್ರೆ ನೋಡೋರಿಗೆ ಹಂಗೇ ಕಾಣುತ್ತೆ. ಯುಡಿಐಡಿ ಕಾರ್ಡ್ ಜೇಬಲ್ಲಿ ಇದ್ರೆ ಇಂಥ ಹೊತ್ತಲ್ಲಿ ಉಪಯೋಗಕ್ಕೆ ಬರುತ್ತೆ. ಮಾಡಿಸದೇ ಇದ್ರೆ ಗ್ರಾಮ ಪಂಚಾಯ್ತಿಯ ವಿಆರ್‌ಡಬ್ಲ್ಯೂ ಅಥವಾ ತಾಲ್ಲೂಕಿನ ಎಂಆರ್‌ಡಬ್ಲ್ಯೂ ಅವರನ್ನು ಕೇಳಿ.

ಸಾಕ್ಷಿ ಹೇಳೋಕೆ ಅಂತ ಅಂಗವಿಕಲರನ್ನು ಠಾಣೆಗೆ ಬಾ ಅಂತ ಒತ್ತಾಯ ಮಾಡೋ ಹಾಗಿಲ್ಲ. 2024ರ ಜುಲೈ 1ರಿಂದ ಬಂದಿರೋ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಸೆಕ್ಷನ್ ಪ್ರಕಾರ ಹೆಂಗಸರು, 15 ವರ್ಷದೊಳಗಿನವರು, 60 ದಾಟಿದವರು, ದೈಹಿಕ ಅಥವಾ ಮಾನಸಿಕ ಅಂಗವಿಕಲರು, ತೀವ್ರ ಕಾಯಿಲೆ ಇರೋರು, ಇವರೆಲ್ಲ ಇರೋ ಮನೆಗೇ ಪೊಲೀಸ್ರು ಹೋಗ್ಬೇಕು. ತಾವೇ ಬರ್ತೀವಿ ಅಂದ್ರೆ ಬರಬಹುದು. ಅಂಗವಿಕಲ ಹೆಣ್ಣುಮಗಳ ಮೇಲೆ ಅತ್ಯಾಚಾರದಂಥ ಅಪರಾಧ ಆದಾಗ ದೂರನ್ನು ಮನೆಯಲ್ಲೋ ಆಕೆಗೆ ಅನುಕೂಲವಾದ ಜಾಗದಲ್ಲೋ ಬರ್ಕೋಬೇಕು. ಸಂಜ್ಞೆ ಭಾಷೆ ಗೊತ್ತಿರೋ ದುಭಾಷಿ ಅಥವಾ ವಿಶೇಷ ಶಿಕ್ಷಕರು ಜೊತೆಗಿರಬೇಕು, ವಿಡಿಯೋ ಆಗ್ಬೇಕು. ಇದು 173ನೇ ಸೆಕ್ಷನ್. ಮನೆಯವರೇ ಆರೋಪಿ ಆಗಿದ್ರೆ ಅವರನ್ನೇ ದುಭಾಷಿ ಮಾಡಿಸಿದ್ರೆ ಏನಾಗುತ್ತೆ ಅಂತ ಹೇಳ್ಬೇಕಾಗಿಲ್ಲ.

ಆಂಧ್ರದ ಕುರುಡು ಹೆಣ್ಣುಮಗಳೊಬ್ಬಳ ಪ್ರಕರಣದಲ್ಲಿ, ಪಟಾನ್ ಜಮಾಲ್ ವಲಿ ಕೇಸು ಅಂತಾರೆ, 2021ರಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಖಚಿತ ಮಾಡ್ತು. ಅಂಗವಿಕಲರ ಸಾಕ್ಷ್ಯ ಅನ್ನೋ ಕಾರಣಕ್ಕೇ ಅದನ್ನು ಕಡಿಮೆ ಅಂತ ನೋಡೋ ಹಾಗಿಲ್ಲ. ಆಕೆ ಆರೋಪಿಯನ್ನು ಧ್ವನಿಯಿಂದ ಗುರುತಿಸಿದ್ದಳು.

ಇನ್ನು ಅಂಗವಿಕಲರನ್ನು ಸಾರ್ವಜನಿಕವಾಗಿ ಅವಮಾನ ಮಾಡೋದು, ಅವರ ಮರ್ಯಾದೆ ತೆಗೆಯೋಕೆ ಅಂತ ಹಲ್ಲೆ ಮಾಡೋದು, ಊರುಗೋಲು, ಶ್ರವಣ ಸಾಧನದಂಥ ಸಲಕರಣೆ ಬೇಕಂತಲೇ ಹಾಳು ಮಾಡೋದು, ಇದಕ್ಕೆಲ್ಲ 2016ರ ಕಾಯ್ದೆಯ 92ನೇ ಸೆಕ್ಷನ್‌ನಲ್ಲಿ 6 ತಿಂಗಳಿಂದ 5 ವರ್ಷದವರೆಗೆ ಜೈಲು, ದಂಡ ಇದೆ. ಖಾಕಿ ಹಾಕಿದವರಿಗೆ ಬೇರೆ, ನಮಗೆ ಬೇರೆ ಅಂತ ಅದರಲ್ಲಿಲ್ಲ. ಹಿಂಸೆ ಆಗ್ತಿದ್ರೆ ಎಕ್ಸಿಕ್ಯೂಟಿವ್ ಮ್ಯಾಜಿಸ್ಟ್ರೇಟ್‌ಗೂ ದೂರು ಕೊಡಬಹುದು. ನಮ್ಮ ಕಡೆ ಅಂದ್ರೆ ತಹಶೀಲ್ದಾರ್, ಅವರ ಮೇಲೆ ಉಪವಿಭಾಗಾಧಿಕಾರಿ. ಈ ದಾರಿ ಇದೆ ಅಂತ ದೂರುದಾರರಿಗೆ ಹೇಳೋದೇ ಪೊಲೀಸ್ರ ಕರ್ತವ್ಯ ಅಂತ 7ನೇ ಸೆಕ್ಷನ್‌ನಲ್ಲಿದೆ.

ಆತ್ಮಹತ್ಯೆ ಯತ್ನ, ಅಪರಾಧದ ಆರೋಪ

ವಿಷ ಕುಡಿದವರನ್ನು ಆಸ್ಪತ್ರೆಗೆ ಸೇರಿಸೋಕೆ "ಪೊಲೀಸ್ ಕೇಸಾಗುತ್ತೆ" ಅಂತ ಹಳ್ಳಿಗಳಲ್ಲಿ ಇನ್ನೂ ಹೆದರ್ತಾರೆ. ಆ ಹೆದರಿಕೆಗೇ ಜೀವ ಹೋಗಿರೋದಿದೆ. 2017ರ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಅವರಿಗೆ ಶಿಕ್ಷೆ ಇಲ್ಲ. ಹಳೇ ಐಪಿಸಿ 309 ಹೊಸ ನ್ಯಾಯ ಸಂಹಿತೆಯಲ್ಲಿ ಇಲ್ಲವೇ ಇಲ್ಲ. ಸರ್ಕಾರಿ ನೌಕರರ ಕೆಲಸಕ್ಕೆ ಅಡ್ಡಿ ಮಾಡೋಕೆ ಅಂತ ಯತ್ನಿಸಿದ್ರೆ ಮಾತ್ರ 226ನೇ ಸೆಕ್ಷನ್ ಬರುತ್ತೆ. ಆಸ್ಪತ್ರೆಯವರು ಪೊಲೀಸ್ರಿಗೆ ಮಾಹಿತಿ ಕೊಡೋದು ಬೇರೆ, ಕೇಸು ಬೇರೆ. ಮೊದಲು ಗಾಡಿ ಹತ್ತಿಸಿ.

ಮಾನಸಿಕ ಅಸ್ವಸ್ಥರು ನಿಜಕ್ಕೂ ಅಪರಾಧ ಮಾಡಿದ್ರೆ? ಕೇಸ್ ಆಗುತ್ತೆ. ಆದ್ರೆ ತಾನು ಮಾಡ್ತಿರೋದು ಏನು, ಅದು ತಪ್ಪು ಅಂತ ತಿಳಿಯಲಾಗದ ಸ್ಥಿತಿಯಲ್ಲಿ ಮಾಡಿದ್ದು ಅಪರಾಧ ಅಲ್ಲ ಅಂತ ನ್ಯಾಯ ಸಂಹಿತೆಯ 22ನೇ ಸೆಕ್ಷನ್ ಇದೆ. ಇದನ್ನ ಸಾಬೀತು ಮಾಡೋ ಹೊರೆ ಆರೋಪಿ ಕಡೆಯವರ ಮೇಲೇ ಬೀಳುತ್ತೆ. "ಅವನಿಗೆ ತಲೆ ಸರಿಯಿಲ್ಲ, ಊರಿಗೇ ಗೊತ್ತು" ಅನ್ನೋದು ಕೋರ್ಟಲ್ಲಿ ಸಾಲಲ್ಲ. ಹಳೇ ಆಸ್ಪತ್ರೆ ಚೀಟಿ, ಮಾತ್ರೆ ಬರೆದ ಕಾಗದ, ಡಿಸ್ಚಾರ್ಜ್ ಸಮರಿ ಏನಿದ್ರೂ ಒಂದು ಕವರಿನಲ್ಲಿ ಹಾಕಿಡಿ. ಅರೆಸ್ಟ್ ಆದ ದಿನವೇ ಅದರ ಜೆರಾಕ್ಸ್ ತನಿಖಾಧಿಕಾರಿಗೂ ಮ್ಯಾಜಿಸ್ಟ್ರೇಟ್‌ಗೂ ವಕೀಲರ ಮೂಲಕ ಕೊಡಿಸಿ, ಒಳಗೆ ಮಾತ್ರೆ ತಪ್ಪದ ಹಾಗೆ ಕೇಳಿ.

ಅಂಗಡಿ ಮುಂದೆ ಯಾರಾದ್ರೂ ಗಲಾಟೆ ಮಾಡ್ತಿದ್ರೆ

ಮೊದಲು ಗಿರಾಕಿಗಳನ್ನ, ಮಕ್ಕಳನ್ನ ದೂರ ಸರಿಸಿ. ಸುತ್ತ ಗುಂಪು ಸೇರಿಸಬೇಡಿ, ಗುಂಪು ನೋಡಿದ್ರೆ ಅವರ ಭಯ ಜಾಸ್ತಿ ಆಗುತ್ತೆ. ನೀರು ಎರಚೋದು, ಕೋಲು ತೋರಿಸೋದು ಬೇಡ. ಒಬ್ಬರೇ, ಮೆಲ್ಲಗೆ, ಚಿಕ್ಕ ಮಾತಲ್ಲಿ ಮಾತಾಡಿಸಿ. ಕೈಯಲ್ಲಿ ಕಲ್ಲೋ ಕತ್ತಿಯೋ ಇದ್ರೆ ಕಸಿಯೋಕೆ ಹೋಗ್ಬೇಡಿ. ಕಂಬಕ್ಕೆ ಕಟ್ಟಿಹಾಕೋದು ಅಕ್ರಮ ಬಂಧನ ಆಗುತ್ತೆ, ಪೊಲೀಸ್ರು ಬರೋವರೆಗೆ ಅಂತಲೂ ಬೇಡ. ವಿಡಿಯೋ ಮಾಡಿ ಗ್ರೂಪಿಗೆ ಹಾಕೋ ಚಟ ಇದೆಯಲ್ಲ, ಆ ವಿಡಿಯೋದಲ್ಲಿ ಇರೋರು ನಾಳೆ ಹುಷಾರಾಗಿ ಮನೆಗೆ ಹೋಗ್ತಾರೆ, ವಿಡಿಯೋ ಹೋಗಲ್ಲ.

112ಕ್ಕೆ ಫೋನ್ ಮಾಡಿ. "ಒಬ್ಬ ಹುಚ್ಚ ಬಂದು ಗಲಾಟೆ ಮಾಡ್ತಾ ಇದ್ದಾನೆ" ಅಂದ್ರೆ ಬರೋರು ಲಾಠಿ ಹಿಡ್ಕೊಂಡೇ ಬರ್ತಾರೆ. "ಮಾನಸಿಕ ಅಸ್ವಸ್ಥರ ಥರ ಕಾಣ್ತಾರೆ, ಗಾಯ ಆಗಿದೆ, ಕೈಯಲ್ಲಿ ಆಯುಧ ಇಲ್ಲ, ಆಸ್ಪತ್ರೆಗೆ ಸೇರಿಸಬೇಕು, ಇಂಥ ಜಾಗ" ಅಂತ ಹೇಳಿ. ಆಯುಧ ಇದ್ರೆ ಇದೆ ಅಂತಲೇ ಹೇಳಿ, ಮುಚ್ಚಿಡಬೇಡಿ. ಗಾಯ, ಜ್ವರ ಇದ್ರೆ ಜೊತೆಗೆ 108 ಕರೀರಿ. ಪೊಲೀಸ್ ಕೆಲಸ ಇಲ್ಲದ, ಮನೆಯವರಿಗೇ ಸಲಹೆ ಬೇಕಾದ ಸಂದರ್ಭದಲ್ಲಿ ಟೆಲಿ ಮಾನಸ್ ಸಹಾಯವಾಣಿ 14416 ಇದೆ. 2022ರ ಅಕ್ಟೋಬರ್ 10ರಂದು ಶುರುವಾಗಿದ್ದು, ಹಗಲು ರಾತ್ರಿ ಕೆಲಸ ಮಾಡುತ್ತೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಠಾಣೆಯಲ್ಲಿ ತಗೊಳ್ಳದಿದ್ರೆ ಅಥವಾ ಲಾಕಪ್‌ನಲ್ಲಿ ಇಟ್ಟಿದ್ದಾರೆ ಅಂತ ಗೊತ್ತಾದ್ರೆ ಮೊದಲು ಡಿವೈಎಸ್ಪಿ, ಆಮೇಲೆ ಎಸ್ಪಿ ಕಚೇರಿಗೆ ಲಿಖಿತವಾಗಿ ಕೊಡಿ. ದೂರು ದಾಖಲಿಸದಿದ್ರೆ ಅಂಚೆ ಮೂಲಕ ಎಸ್ಪಿಗೆ ಕಳಿಸಬಹುದು, ಅಲ್ಲೂ ಆಗದಿದ್ರೆ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಬಹುದು. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೂ ಬರೀಬಹುದು. ವಕೀಲರಿಗೆ ದುಡ್ಡು ಬೇಕಾಗಿಲ್ಲ. ಅಂಗವಿಕಲರಿಗೆ ಆದಾಯ ಎಷ್ಟೇ ಇದ್ರೂ ಉಚಿತ ಕಾನೂನು ನೆರವು ಸಿಗುತ್ತೆ, ತಾಲ್ಲೂಕು ಕೋರ್ಟ್ ಆವರಣದಲ್ಲಿರೋ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲಾ 15100ಕ್ಕೆ ಫೋನ್ ಮಾಡಿ. ಅರ್ಜಿ ಎರಡು ಪ್ರತಿ ಬರೀರಿ, ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಠಾಣೆಯ ಸೀಲು, ತಾರೀಖು, ಟೈಮು ಹಾಕಿಸ್ಕೊಳ್ಳಿ. 24 ಗಂಟೆಯ ಲೆಕ್ಕ ಕೇಳೋಕೆ ಆ ಟೈಮು ಬೇಕಾಗುತ್ತೆ.